ಪಾಕಶಾಸ್ತ್ರಕ್ಕೆ ಸಿಗದ ಕೆಂಡದ ಮೀನು

ಮೀನಿನ ಅಡುಗೆಗೆ ಕನ್ನಡದಲ್ಲಿ ಕ್ರಿಯಾಪದಗಳು ಕಡಿಮೆಯೇನಿಲ್ಲ. ಸಾರಿನಲ್ಲಿ ಬೇಯಿಸುತ್ತಾರೆ, ಕಾವಲಿಯ ಮೇಲೆ ಹುರಿಯುತ್ತಾರೆ, ಎಣ್ಣೆಯಲ್ಲಿ ಕರಿಯುತ್ತಾರೆ, ಕೆಂಡದಲ್ಲಿ ಸುಡುತ್ತಾರೆ. ಮೊದಲ ಮೂರಕ್ಕೂ ಪಾತ್ರೆ ಬೇಕು. ನಾಲ್ಕನೆಯದಕ್ಕೆ ಬೆಂಕಿ ಮತ್ತು ಮೀನು ಇದ್ದರೆ ಸಾಕು. ಆದರೆ ಇಂದು ಮಂಗಳೂರು, ಉಡುಪಿ, ಕಾರವಾರಗಳ ಯಾವುದೇ ಮೀನೂಟದ ಹೋಟೆಲಿಗೆ ಹೋದರೂ ಪಟ್ಟಿಯಲ್ಲಿ ಕಾಣುವುದು ತವಾ ಫ್ರೈ, ರವಾ ಫ್ರೈ, ಮಸಾಲಾ ಫ್ರೈ. 'ಸುಟ್ಟ ಮೀನು' ಎಂದು ಬರೆದ ಫಲಕ ಹುಡುಕಿದರೂ ಸಿಗುವುದು ಕಷ್ಟ. ಸುಡುಗಾಡಿನ 'ಸುಡು' ಊಟದ ಎಲೆಗೆ ಬರಬಾರದೆಂಬ ಸಂಕೋಚವೂ ಇದ್ದೀತು. ಆದರೆ ನಿಜವಾದ ಕಾರಣ ಬೇರೆ. ಇಡೀ ಮೀನನ್ನು ಸುಡುವುದು ಹೋಟೆಲಿನ ಅಡುಗೆಯಾಗಿರಲೇ ಇಲ್ಲ. ಅದು ಮನೆಯ ಅಡುಗೆ, ಅದರಲ್ಲೂ ರಾತ್ರಿಯ ಅಡುಗೆ. ಅನ್ನ ಬೆಂದು ಗಂಜಿ ಬಸಿದ ಮೇಲೆ ಒಲೆಯಲ್ಲಿ ಉಳಿಯುವ ಕೆಂಡವೇ ಅದರ ಬಂಡವಾಳ.

ಆ ಒಲೆಯೇ ಈಗ ಮನೆಯಿಂದ ಹೊರಟುಹೋಗುತ್ತಿದೆ. ಅದರ ಜತೆಗೆ ಹೊರಟಿರುವ ಈ ಅಡುಗೆ ಎಷ್ಟು ಹಳೆಯದು ಎಂಬುದಕ್ಕೆ 2022ರಲ್ಲಿ ಒಂದು ಅಚ್ಚರಿಯ ಉತ್ತರ ಸಿಕ್ಕಿತು.

ಇಸ್ರೇಲಿನ ಉತ್ತರಕ್ಕೆ, ಜೋರ್ಡಾನ್ ನದಿಯ ದಂಡೆಯಲ್ಲಿ ಗೆಷರ್ ಬೆನೊಟ್ ಯಾಕೊವ್ ಎಂಬ ಜಾಗವಿದೆ. ಸುಮಾರು 7 ಲಕ್ಷ 80 ಸಾವಿರ ವರ್ಷಗಳ ಹಿಂದೆ ಅಲ್ಲಿ ಒಂದು ಸರೋವರವಿತ್ತು, ಅದರ ದಡದಲ್ಲಿ ಆದಿಮಾನವರ ಬಿಡಾರವಿತ್ತು. ಅಲ್ಲಿ ಅಗೆದವರಿಗೆ ಮೀನಿನ ಹಲ್ಲುಗಳು ರಾಶಿರಾಶಿಯಾಗಿ ಸಿಕ್ಕವು, ಮೂಳೆಗಳು ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಮೀನು ತಾನಾಗಿ ಸತ್ತು ಕೆಸರಿನಲ್ಲಿ ಹೂತಿದ್ದರೆ ಮೂಳೆಯೂ ಇರಬೇಕಿತ್ತಲ್ಲ? ಬೆಂದ ಮೀನಿನ ಮೂಳೆ ಮೆತ್ತಗಾಗಿ ಬೇಗ ಕರಗಿಹೋಗುತ್ತದೆ, ಗಂಟಲಿನ ಗಟ್ಟಿ ಹಲ್ಲು ಉಳಿಯುತ್ತದೆ. ವಿಜ್ಞಾನಿಗಳು ಆ ಹಲ್ಲಿನ ಎನಾಮೆಲ್ ಹರಳುಗಳನ್ನು ಎಕ್ಸ್-ರೇಯಲ್ಲಿ ಪರೀಕ್ಷಿಸಿದರು. ಬಿಸಿ ತಾಗಿದಾಗ ಈ ಹರಳುಗಳು ದೊಡ್ಡದಾಗುತ್ತವೆ. ಎಷ್ಟು ಬಿಸಿ ತಾಗಿತ್ತು ಎಂಬುದನ್ನೂ ಅವು ಹೇಳುತ್ತವೆ. ಈ ಹಲ್ಲುಗಳಿಗೆ ತಾಗಿದ ಬಿಸಿ 500 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ. ಎಂದರೆ ಮೀನು ಬೆಂಕಿಗೆ ಬಿದ್ದು ಸುಟ್ಟು ಬೂದಿಯಾದದ್ದಲ್ಲ, ಹದವಾಗಿ ಬೆಂದದ್ದು. ಆವರೆಗೆ ಅಡುಗೆಯ ಖಚಿತ ಪುರಾವೆಯೆಂದು ಎಲ್ಲರೂ ಒಪ್ಪುತ್ತಿದ್ದದ್ದು ಸುಮಾರು 1 ಲಕ್ಷ 70 ಸಾವಿರ ವರ್ಷಗಳಷ್ಟು ಹಿಂದಿನದನ್ನು. ಒಂದೇ ಸಲಕ್ಕೆ ಲೆಕ್ಕ ಆರು ಲಕ್ಷ ವರ್ಷ ಹಿಂದಕ್ಕೆ ಜಿಗಿಯಿತು. ಅಲ್ಲಿ ಬೆಂದ ಮೀನು ನಮ್ಮ ರೋಹು, ಕಾಟ್ಲಾಗಳ ಕಾರ್ಪ್ ಕುಟುಂಬಕ್ಕೇ ಸೇರಿದ್ದು ಎಂಬುದು ಸ್ವಾರಸ್ಯದ ಸಂಗತಿ. ಮನುಷ್ಯ ಕುಲದ ಮೊದಲ ಅಡುಗೆಯ ಸಾಕ್ಷಿ ಮಾಂಸವಲ್ಲ, ಗೆಡ್ಡೆಯಲ್ಲ, ಮೀನು.

ಇಷ್ಟು ಪುರಾತನವಾದ ಅಡುಗೆ ಪುಸ್ತಕಗಳಲ್ಲಿ ಎಲ್ಲಿದೆ ಎಂದು ನೋಡಿದರೆ ನಿರಾಶೆ ಕಾದಿರುತ್ತದೆ. ದಕ್ಷಿಣ ಭಾರತದ ಹಳೆಯ ಕಾವ್ಯಗಳಲ್ಲಿ ಒಂದೆರಡು ಕಡೆ ಅದರ ವಾಸನೆ ಹಿಡಿಯಬಹುದು. ಸಂಗಂ ಕಾಲದ 'ಪಟ್ಟಿನಪ್ಪಾಲೈ' ಎಂಬ ತಮಿಳು ಕಾವ್ಯ ಕಾವೇರಿಪಟ್ಟಣದ ಬೆಸ್ತರು ಸುಟ್ಟ ಸಿಗಡಿಯನ್ನೂ ಬೇಯಿಸಿದ ಗದ್ದೆಯ ಆಮೆಯನ್ನೂ ತಿನ್ನುತ್ತಿದ್ದರೆಂದು ಹೇಳುತ್ತದೆ. ಅಲ್ಲಿ ಸುಟ್ಟದ್ದಕ್ಕೆ ಬಳಸಿರುವ 'ಸೂಡು' ಎಂಬ ಪದ ನಮ್ಮ 'ಸುಡು'ವಿನ ಒಡಹುಟ್ಟು. ಆದರೆ ಅದು ಕವಿ ಕಂಡ ನೋಟ, ಅಡುಗೆಯ ವಿಧಾನವಲ್ಲ.

ವಿಧಾನ ಬರೆದಿಟ್ಟವನು ಕನ್ನಡ ನಾಡಿನ ಒಬ್ಬ ದೊರೆ. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. 1126ರಲ್ಲಿ ಪಟ್ಟಕ್ಕೆ ಬಂದ ಈತ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಒಂದು ವಿಶ್ವಕೋಶವೇ ಸರಿ. ಆನೆ ಹಿಡಿಯುವುದರಿಂದ ಇಡ್ಲಿಯ ಪೂರ್ವಜನವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಅದರ 'ಮತ್ಸ್ಯವಿನೋದ' ಭಾಗ ಗಾಳ ಹಾಕಿ ಮೀನು ಹಿಡಿಯುವ ರಾಜಕ್ರೀಡೆಗೆ ಮೀಸಲು. ಸಮುದ್ರದ ಮೀನು, ನದಿಯ ಮೀನು ಎಂದು ಸುಮಾರು ಮೂವತ್ತೈದು ಜಾತಿಗಳನ್ನು ವಿಂಗಡಿಸಿ, ಯಾವುದಕ್ಕೆ ಎಳ್ಳಿನ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸದ ಚೂರು ಎಂದು ಮೇವಿನ ವಿವರವನ್ನೂ ಕೊಡುತ್ತಾನೆ. 1951ರಲ್ಲಿ ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ ಈ ಭಾಗವನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದಾಗ, ಸಮುದ್ರದಿಂದ ಅಷ್ಟು ದೂರದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕುಳಿತ ಅರಸನಿಗೆ ಇಷ್ಟೊಂದು ಮೀನು ಗೊತ್ತಿತ್ತೇ ಎಂದು ಓದಿದವರು ಬೆರಗಾಗಿದ್ದರೆ ಆಶ್ಚರ್ಯವಿಲ್ಲ.

'ಅನ್ನಭೋಗ' ಭಾಗದಲ್ಲಿ ಅದೇ ಅರಸ ಮೀನಿನ ಅಡುಗೆಯನ್ನೂ ವಿವರಿಸುತ್ತಾನೆ. ಮೀನನ್ನು ತುಂಡು ಮಾಡಬೇಕು. ಎಣ್ಣೆ, ಉಪ್ಪು ಸವರಿ, ಅರಿಸಿನದ ನೀರಿನಲ್ಲಿ ತೊಳೆದು ವಾಸನೆ ಕಳೆಯಬೇಕು. ಹುಣಿಸೆ ರಸದಲ್ಲಿ ಬೇಯಿಸಬೇಕು, ಗೋಧಿ ಹಿಟ್ಟು ಹಚ್ಚಿ ಕರಿಯಬೇಕು, ಏಲಕ್ಕಿ ಮತ್ತು ಮೆಣಸಿನ ಪುಡಿ ಉದುರಿಸಬೇಕು. ಒಂಬೈನೂರು ವರ್ಷಗಳ ನಂತರವೂ ಹೋಟೆಲುಗಳ ರವಾ ಫ್ರೈಗೆ ಇದೇ ವಂಶಾವಳಿ. ಹಿಟ್ಟಿನ ಜಾಗಕ್ಕೆ ರವೆ ಬಂದಿದೆ, ಕಾಳುಮೆಣಸಿನ ಜಾಗಕ್ಕೆ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದ ಒಣಮೆಣಸು ಕುಳಿತಿದೆ. ಅರಮನೆಯ ಮೀನಿಗೆ ತಲೆ ಇರಲಿಲ್ಲ, ವಾಸನೆ ಇರಲಿಲ್ಲ, ಅದು ಮೀನೆಂದು ಹೇಳುವ ಆಕಾರವೂ ಇರಲಿಲ್ಲ. ಹೋಟೆಲಿನ ಅಡುಗೆಮನೆ ಈ ವಿಷಯದಲ್ಲಿ ಅರಮನೆಯ ಮಗಳು.

ಕನ್ನಡದ್ದೇ ಆದ ಪಾಕಗ್ರಂಥಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. 16ನೇ ಶತಮಾನದ ಆರಂಭದಲ್ಲಿ ಮಂಗರಸ ಬರೆದ 'ಸೂಪಶಾಸ್ತ್ರ' ಸೊಗಸಾದ ಕೃತಿ. ಆದರೆ ಜೈನ ಕವಿಯ ಅಡುಗೆಮನೆಯಲ್ಲಿ ಮೀನಿಗೆ ಪ್ರವೇಶವಿರಲು ಸಾಧ್ಯವೇ? ಹೀಗಾಗಿ ಅಕ್ಷರ ಬಲ್ಲವರು ಮೀನು ತಿನ್ನಲಿಲ್ಲ ಅಥವಾ ತುಂಡು ಮಾಡಿ ತಿಂದರು. ಇಡೀ ಮೀನು ಸುಟ್ಟವರು ಬರೆಯಲಿಲ್ಲ. ಬರೆಯಲು ಅದರಲ್ಲಿ ಏನಿದೆ ಎಂದು ಅವರಿಗೇ ಅನ್ನಿಸಿದ್ದೀತು.

ಏನಿದೆ ಎಂದರೆ ಸಾಕಷ್ಟಿದೆ. ಮೊದಲಿಗೆ ಮೀನಿನ ಆಯ್ಕೆ. ಎಲ್ಲ ಮೀನೂ ಕೆಂಡಕ್ಕೆ ಒಗ್ಗುವುದಿಲ್ಲ. ಕರಾವಳಿಯ ಮನೆಗಳಲ್ಲಿ ಸುಡಲು ಹೇಳಿಮಾಡಿಸಿದ್ದು ಬಂಗುಡೆ ಮತ್ತು ಬೂತಾಯಿ. ಬೂತಾಯಿಗೆ ಉತ್ತರ ಕನ್ನಡದ ಕಡೆ ಬೈಗೆ, ತಾರ್ಲೆ ಎಂಬ ಹೆಸರುಗಳೂ ಇವೆ. ಎರಡೂ ಎಣ್ಣೆಯ ಮೀನುಗಳು. ಕೊಬ್ಬು ಚರ್ಮದ ಅಡಿಯಲ್ಲೂ ಮಾಂಸದ ಎಳೆಗಳ ನಡುವೆಯೂ ಹರಡಿರುವುದರಿಂದ ಹೊರಗಿನಿಂದ ಎಣ್ಣೆ ಹಾಕುವ ಅಗತ್ಯವಿಲ್ಲ. ಮೀನು ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಮಳೆಗಾಲ ಕಳೆದು ಬಲೆಗೆ ಬೀಳುವ ಬೂತಾಯಿಯಲ್ಲಿ ಈ ಕೊಬ್ಬು ಹೆಚ್ಚು, ಕೆಂಡದ ಮೇಲಿಟ್ಟರೆ ತೊಟ್ಟಿಕ್ಕುವಷ್ಟು. ಕೊಬ್ಬು ಕಡಿಮೆಯಿರುವ ಕಾಣೆಯಂಥ ನಾಜೂಕು ಮೀನನ್ನು ಹೀಗೆ ಸುಟ್ಟರೆ ಹತ್ತಿಯಂತೆ ಒಣಗುತ್ತದೆ, ಅದಕ್ಕೆ ಎಲೆಯ ಹೊದಿಕೆ ಬೇಕು. ಬೆಂಕಿಯಲ್ಲಿ ಬಾಡಿಸಿದ ಬಾಳೆ ಎಲೆಯೋ ಅರಿಸಿನದ ಎಲೆಯೋ ಸುತ್ತಿಕೊಂಡ ಮೀನು ಸುಟ್ಟದ್ದೂ ಹೌದು, ತನ್ನ ಹಬೆಯಲ್ಲೇ ಬೆಂದದ್ದೂ ಹೌದು.

ಎರಡನೆಯದು ಕೆಂಡ. ಜ್ವಾಲೆಯ ಮೇಲೆ ಹಿಡಿದ ಮೀನು ಕರಿ ಹಿಡಿಯುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಕೆಂಡದಿಂದ ಬರುವ ಶಾಖ ಎಲ್ಲ ಕಡೆಯಿಂದ ಸಮನಾಗಿ ತಾಗುತ್ತದೆ. ಗಂಜಿ ಬಸಿಯುವ ಹೊತ್ತಿಗೆ ಒಲೆಯಲ್ಲಿ ಜ್ವಾಲೆ ಇಳಿದು ಕೆಂಡದ ಮೇಲೆ ತೆಳ್ಳಗೆ ಬೂದಿ ಕಟ್ಟಿರುತ್ತದೆ. ಅದೇ ಹದ. ತೆಂಗಿನ ಗೆರಟೆಯ ಕೆಂಡಕ್ಕೆ ಕಾವು ಜಾಸ್ತಿ, ಸಿಪ್ಪೆಗೆ ಹೊಗೆ ಜಾಸ್ತಿ. ಕೆಂಡವನ್ನು ಒಲೆಯ ಬಾಯಿಗೆ ಎಳೆದು, ಹರಡಿ, ಅದರ ಮೇಲೆ ನೇರವಾಗಿ ಮೀನು ಇಡುವುದು ವಾಡಿಕೆ. ಕಬ್ಬಿಣದ ಜಾಳಿಗೆ ಬಂದದ್ದು ಆಮೇಲೆ.

ಬಂಗುಡೆಯಾದರೆ ಕಿವಿರು ಮತ್ತು ಕರುಳು ತೆಗೆದು, ಎರಡೂ ಬದಿಗೆ ಮೂರು ಗೀರು ಹಾಕಿ, ಉಪ್ಪು ಅರಿಸಿನ ತಿಕ್ಕುತ್ತಾರೆ. ಅರ್ಧ ಗಂಟೆ ಬಿಟ್ಟರೆ ಉಪ್ಪು ನೀರೆಳೆದು ಮಾಂಸ ಬಿಗಿಯಾಗುತ್ತದೆ. ತಲೆ, ಬಾಲ, ಮುಳ್ಳು ಯಾವುದನ್ನೂ ತೆಗೆಯುವುದಿಲ್ಲ. ಸೋಮಾರಿತನಕ್ಕಲ್ಲ. ಮೀನಿನ ಮಾಂಸ ಬೇಯಲು 60 ಡಿಗ್ರಿಯ ಆಸುಪಾಸಿನ ಶಾಖ ಸಾಕು, ಕೆಂಡದ ಬಿಸಿ ಅದರ ಹತ್ತು ಪಟ್ಟು. ನಡುವೆ ತಡೆಯಾಗಿ ನಿಲ್ಲುವುದು ಇಡಿಯಾದ ಚರ್ಮ. ಅದು ಹರಿಯದಿದ್ದರೆ ರಸ ಒಳಗೇ ಉಳಿಯುತ್ತದೆ, ನಡುಮುಳ್ಳಿನ ಸುತ್ತಲಿನ ಅಂಟು ಕರಗಿ ಮಾಂಸಕ್ಕೆ ಇಳಿಯುತ್ತದೆ. ಒಂದು ಬದಿಗೆ ಐದಾರು ನಿಮಿಷ. ಚರ್ಮ ಬೊಬ್ಬೆಯೆದ್ದು ಕೆಂಡ ಬಿಟ್ಟಾಗ ಮಗುಚುವುದು, ಒಮ್ಮೆ ಮಾತ್ರ. ಕಣ್ಣು ಬೆಳ್ಳಗೆ ಗುಂಡಗಾದರೆ ಬೆಂದಿದೆ ಎಂದು ಲೆಕ್ಕ. ಥರ್ಮಾಮೀಟರಿಗಿಂತ ಇದೇ ಸುಲಭ. ಬೂದಿ ಕೊಡವಿ, ಕರಿಹಿಡಿದ ಚರ್ಮ ಸುಲಿದು, ಜಜ್ಜಿದ ಹಸಿಮೆಣಸು, ಈರುಳ್ಳಿ, ನಾಲ್ಕು ಹನಿ ತೆಂಗಿನೆಣ್ಣೆಯೊಡನೆ ಕುಚ್ಚಲಕ್ಕಿ ಗಂಜಿಯ ಪಕ್ಕಕ್ಕೆ ಇಡುತ್ತಾರೆ.

ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ. ಆಗ ಅದೇ ಕೆಂಡಕ್ಕೆ ಒಣಮೀನು. ಬೇಸಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಮೀನನ್ನು ಎರಡು ನಿಮಿಷ ಕೆಂಡಕ್ಕೆ ತೋರಿಸಿದರೆ ಮೂರು ಮನೆಯಾಚೆಗೂ ಸುದ್ದಿ ಮುಟ್ಟುತ್ತದೆ. ಮಲೆನಾಡಿನಲ್ಲಿ ಇದೇ ಹೊತ್ತಿಗೆ ಇನ್ನೊಂದು ಸಂಭ್ರಮ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಗದ್ದೆಗೆ ಏರಿ ಬರುವ ಹತ್ತುಮೀನು ಹಿಡಿಯುವುದು, ಕಲ್ಲೇಡಿ ಹೆಕ್ಕಿ ತಂದು ಒಲೆಯಲ್ಲಿ ಸುಡುವುದು.

ಗಮನಿಸಬೇಕಾದದ್ದು, ಈ ಅಡುಗೆಯಲ್ಲಿ ದುಡ್ಡು ಕೊಟ್ಟು ತರಬೇಕಾದ ಮುಖ್ಯ ವಸ್ತು ಒಂದೇ, ಉಪ್ಪು. ಬ್ರಿಟಿಷರ ಕಾಲದಲ್ಲಿ ಅದರ ಮೇಲೂ ತೆರಿಗೆ ಬಿತ್ತು. ತಾಜಾ ಮೀನಿಗೆ ಚಿಟಿಕೆ ಉಪ್ಪು ಸಾಕು. ಒಣಗಿಸಲು ಮಾತ್ರ ರಾಶಿ ಬೇಕು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಸೇರಿದಂತೆ ಪಶ್ಚಿಮ ಕರಾವಳಿಯಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸರ್ಕಾರ ಮೀನು ಒಣಗಿಸುವ ಕಟ್ಟೆಗಳನ್ನು ತೆರೆದು, ಅಲ್ಲಿ ಮಾತ್ರ ಅಗ್ಗದ ಉಪ್ಪು ಕೊಡುವ ವ್ಯವಸ್ಥೆ ಮಾಡಿತು. ಬೇಲಿಯೊಳಗೆ ಉಪ್ಪು ಹಚ್ಚಿದರೆ ಒಂದು ಬೆಲೆ, ಮನೆಯ ಅಂಗಳದಲ್ಲಿ ಹಚ್ಚಿದರೆ ಇನ್ನೊಂದು ಬೆಲೆ. ಬೊಂಬಾಯಿ ಪ್ರಾಂತದಲ್ಲಿದ್ದ ಉತ್ತರ ಕನ್ನಡದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದ ಜನರಿಗೆ ಉಪ್ಪು ಬರಿಯ ಸಂಕೇತವಾಗಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳ ಮೀನು ಅದರಲ್ಲಿತ್ತು. ಆ ತೆರಿಗೆ ರದ್ದಾದದ್ದು 1947ರಲ್ಲಿ.

ಬೂತಾಯಿಯ ಕಥೆ ಇನ್ನೂ ವಿಚಿತ್ರ. ಅದು ಎಷ್ಟು ಅಗ್ಗದ ಮೀನೆಂದರೆ, ತಿಂದು ಉಳಿದದ್ದು ತೆಂಗಿನ ಬುಡಕ್ಕೆ ಹೋಗುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ಅದು ಉದ್ಯಮವೇ ಆಯಿತು. 1907ರಲ್ಲಿ ಮದ್ರಾಸ್ ಪ್ರಾಂತದ ಮೀನುಗಾರಿಕೆ ಇಲಾಖೆಗೆ ಅಡಿಪಾಯ ಹಾಕಿದ ಫ್ರೆಡರಿಕ್ ನಿಕಲ್ಸನ್ ಕಾಲದಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ತೀರದಲ್ಲಿ ಬೂತಾಯಿಯನ್ನು ಬೇಯಿಸಿ ಎಣ್ಣೆ ಹಿಂಡುವ ಕಾರ್ಖಾನೆಗಳು ಎದ್ದವು. ಎಣ್ಣೆ ಒಂದು ದಾರಿ ಹಿಡಿದರೆ, ಉಳಿದ ಚರಟ ಗೊಬ್ಬರವಾಗಿ ಕಾಫಿ ತೋಟಗಳಿಗೆ ಏರಿತು. 1940ರ ದಶಕದಲ್ಲಿ ಬೂತಾಯಿ ಕಡಲಿನಿಂದ ಬಹುಮಟ್ಟಿಗೆ ಮಾಯವಾದಾಗ ಮದ್ರಾಸ್ ಸರ್ಕಾರ ಗಾಬರಿಯಾಗಿ, ಮರಿ ಹಿಡಿಯುವ ಸಣ್ಣ ಕಣ್ಣಿನ ಬಲೆಗಳಿಗೆ 1943ರಲ್ಲಿ ಕಡಿವಾಣ ಹಾಕಿತು. ಬಡವರ ಒಲೆಗೆ ಬರಬೇಕಾದ ಮೀನು ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆ ಇಂದಿನದಲ್ಲ.

ಆದರೂ ಒಲೆಗೆ ಮೀನು ಬರುತ್ತಲೇ ಇತ್ತು, ಅದನ್ನು ತರುತ್ತಿದ್ದದ್ದು ರಂಪಣಿ ಬಲೆ. ಕರ್ನಾಟಕದ ಕರಾವಳಿಯ ಈ ಭಾರಿ ದಡಬಲೆಯನ್ನು ದೋಣಿಯಲ್ಲಿ ಒಯ್ದು ಬಂಗುಡೆಯ ಹಿಂಡನ್ನು ಸುತ್ತುವರಿದು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಮಂದಿ ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಪಾಲು ಸಿಗುತ್ತಿತ್ತು. ಮೀನು ದಡಕ್ಕೆ ಬಂದು ಒಂದೆರಡು ಗಂಟೆಯೊಳಗೆ ಕೆಂಡದ ಮೇಲಿರುತ್ತಿತ್ತು. ಮಂಜುಗಡ್ಡೆ ಕಾಣದ ಬಂಗುಡೆ ಸುಡಲು ಅತ್ಯುತ್ತಮ. ಹಳಸಲು ಮೀನಿನ ವಾಸನೆಯನ್ನು ಮಸಾಲೆ ಮುಚ್ಚೀತು, ಕೆಂಡ ಮುಚ್ಚುವುದಿಲ್ಲ. 1970ರ ದಶಕದ ನಡುವಿನಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದಿತು. ದಡಕ್ಕೆ ಬರುವ ಮೊದಲೇ ಹಿಂಡನ್ನು ಅದು ಗೋರಿಕೊಂಡಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಮೂಲೆ ಸೇರಿದವು. ಮೀನು ಈಗ ಬಂದರಿಗೆ, ಅಲ್ಲಿಂದ ಐಸ್ ಪೆಟ್ಟಿಗೆಗೆ, ಅಲ್ಲಿಂದ ಲಾರಿಗೆ ಹೋಗತೊಡಗಿತು. ಘಟ್ಟದ ಮೇಲಿನವರಿಗೆ ಬಂಗುಡೆ ಪರಿಚಯವಾದದ್ದರಲ್ಲಿ ಈ ಲಾರಿಗಳ ಪಾಲು ದೊಡ್ಡದು, ಅದನ್ನು ಮರೆಯುವಂತಿಲ್ಲ. ಆದರೆ ಎರಡು ದಿನ ಐಸಿನಲ್ಲಿ ಮಲಗಿದ ಮೀನನ್ನು ಯಾರೂ ಬರಿಯ ಉಪ್ಪು ಹಚ್ಚಿ ಸುಡುವುದಿಲ್ಲ. ಅದಕ್ಕೆ ಮೆಣಸು, ಹುಳಿ, ಬೆಳ್ಳುಳ್ಳಿಯ ಗಟ್ಟಿ ಮಸಾಲೆ, ಎಣ್ಣೆ ಸುರಿದ ಕಾವಲಿ ಬೇಕು.

ಇನ್ನು ಒಲೆ. ಕೆಂಡದ ಮೀನನ್ನು ಹೊಗಳುವವರು ಆ ಒಲೆಯ ಮುಂದೆ ಕುಳಿತವರು ಯಾರು ಎಂಬುದನ್ನು ಮರೆಯುತ್ತಾರೆ. ಗಾಳಿಯಾಡದ ಅಡುಗೆಮನೆಯಲ್ಲಿ ಹಸಿ ಕಟ್ಟಿಗೆಯ ಹೊಗೆ ಕುಡಿದು ಕಣ್ಣು, ಶ್ವಾಸಕೋಶ ಕೆಡಿಸಿಕೊಂಡವರು ಹೆಂಗಸರು. ಸುಟ್ಟ ಮೀನಿನ ರುಚಿ ಬಂದದ್ದು ಅದೇ ಹೊಗೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಘಟಕ ರೂಪಿಸಿದ ಅಸ್ತ್ರ ಒಲೆ ಈ ಸಂಕಟಕ್ಕೆ ಉತ್ತರವಾಗಿ ಬಂದದ್ದು. ಕಟ್ಟಿಗೆ ಕಡಿಮೆ, ಹೊಗೆ ಕೊಳವೆಯಲ್ಲಿ ಹೊರಕ್ಕೆ. ಬೆಂಕಿಯನ್ನು ಒಳಗೆ ಮುಚ್ಚಿ ಶಾಖವನ್ನೆಲ್ಲ ಪಾತ್ರೆಗೆ ತಾಗಿಸುವುದೇ ಅದರ ಗುಟ್ಟು. ಕೆಂಡವನ್ನು ಬಾಯಿಗೆಳೆದು ಮೀನು ಸುಡುವ ಅಭ್ಯಾಸಕ್ಕೆ ಅದರಲ್ಲಿ ಜಾಗವಿಲ್ಲ. 1960ರ ದಶಕದಲ್ಲಿ ನಗರಗಳಿಗೆ ಬಂದ ಅಡುಗೆ ಅನಿಲ ನಿಧಾನವಾಗಿ ಹಳ್ಳಿಗೂ ಇಳಿಯಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಅದನ್ನು ಬಡವರ ಮನೆಗೂ ಮುಟ್ಟಿಸಿತು. ಗ್ಯಾಸಿನ ಒಲೆ ಆರಿಸಿದ ಕೂಡಲೇ ತಣ್ಣಗಾಗುತ್ತದೆ, ಏನೂ ಉಳಿಸುವುದಿಲ್ಲ. ಬಿಟ್ಟಿಯಾಗಿ ಸಿಗುತ್ತಿದ್ದ ಕೆಂಡಕ್ಕೆ ಈಗ ಬೇರೆಯೇ ಬೆಂಕಿ ಹಾಕಬೇಕು. ಹೀಗೆ ನೋಡಿದರೆ ಇದು ನಷ್ಟವೆಂದು ಅಳಬೇಕಾದದ್ದಲ್ಲ, ಒಂದು ವ್ಯಾಪಾರ. ಅದರಲ್ಲಿ ಹೆಂಗಸರಿಗೆ ಸಿಕ್ಕಿದ್ದು ಹೆಚ್ಚು.

ಮೀನಿನ ವಿಷಯಕ್ಕೆ ಆ ಸಮಾಧಾನವಿಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ನೆರೆಯ ಕೇರಳದ ತೀರದಲ್ಲಿ ಸಿಕ್ಕ ಬೂತಾಯಿ ಸುಮಾರು 3 ಲಕ್ಷ 90 ಸಾವಿರ ಟನ್. 2021ರಲ್ಲಿ ಅದು 3,297 ಟನ್. ನೀರಿನ ತಾಪ, ಮಳೆಯ ಏರುಪೇರು, ಮರಿ ಮೀನಿನ ಬೇಟೆ ಎಂದು ವಿಜ್ಞಾನಿಗಳು ಕಾರಣ ಕೊಡುತ್ತಾರೆ. ಕಡಲು ಬೂತಾಯಿಯನ್ನು ಮರಳಿ ಕೊಡುವುದೂ ಉಂಟು, 1940ರ ದಶಕದ ಬರದ ನಂತರ ಕೊಟ್ಟಿತ್ತು. ಆದರೆ ಸಿಕ್ಕಿದ್ದರಲ್ಲೂ ಒಂದು ಪಾಲು ಕರ್ನಾಟಕ ಕರಾವಳಿಯ ಮೀನುಹುಡಿ ಮತ್ತು ಮೀನೆಣ್ಣೆ ಕಾರ್ಖಾನೆಗಳಿಗೆ ಹೋಗಿ, ಸಾಕಿದ ಸಿಗಡಿಗೆ, ಕೋಳಿಗೆ ಮೇವಾಗುತ್ತದೆ. ನೂರು ವರ್ಷದ ಹಿಂದೆ ಕಾಫಿ ಗಿಡ ತಿಂದದ್ದನ್ನು ಈಗ ಸಿಗಡಿ ತಿನ್ನುತ್ತಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಇರುವ 61 ದಿನಗಳ ನಿಷೇಧದ ಅವಧಿಯಲ್ಲಂತೂ ಬಂಗುಡೆ ಸಾಮಾನ್ಯರ ಕೈಗೆ ಎಟುಕುವ ಬೆಲೆಯಲ್ಲಿ ಸಿಗುವುದೇ ಅಪರೂಪ.

ಇತ್ತ ಪಟ್ಟಣಗಳ ಹೋಟೆಲುಗಳಲ್ಲಿ ಇಡೀ ಮೀನು ಮತ್ತೆ ಪ್ರತಿಷ್ಠೆಯ ವಸ್ತುವಾಗಿದೆ. ಮೊಸರು ಮಸಾಲೆ ಮೆತ್ತಿಕೊಂಡ ಮಾಂಜಿ ತಂದೂರಿನೊಳಗೆ ನಿಲ್ಲುತ್ತದೆ, ಮೇಜಿಗೆ ತಲೆ ಸಮೇತ ಬರುತ್ತದೆ. ಕೆಂಪು ಬಣ್ಣ, ನಿಂಬೆ ಹೋಳು, ಈರುಳ್ಳಿ ಬಳೆಗಳ ನಡುವೆ ಅದರ ಬೆಲೆ ಒಂದು ಮನೆಯ ವಾರದ ಬಂಗುಡೆಗೆ ಸಮ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಓವನ್ ಇಟ್ಟುಕೊಂಡವರು ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಮೀನನ್ನು ಒಳಗಿಟ್ಟು ಕಿಟಕಿ ತೆರೆಯುತ್ತಾರೆ, ವಾಸನೆಯ ಬಗ್ಗೆ ನೆರೆಯವರು ತಕರಾರು ತೆಗೆಯದಿರಲಿ ಎಂದು. ಹಾಳೆಯೊಳಗೆ ಬೆಂದ ಮೀನು ರಸಭರಿತವಾಗಿಯೇ ಇರುತ್ತದೆ, ಬಾಳೆ ಎಲೆ ಮಾಡುತ್ತಿದ್ದ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಎಲೆಯ ಪರಿಮಳ ಮತ್ತು ಹೊಗೆ ಮಾತ್ರ ಅದರಲ್ಲಿಲ್ಲ.

ಕರಾವಳಿಯ ಹಳ್ಳಿಮನೆಗಳಲ್ಲಿ ಕಟ್ಟಿಗೆ ಒಲೆ ಹಿತ್ತಲಿನ ಚಪ್ಪರಕ್ಕೆ ಸ್ಥಳಾಂತರಗೊಂಡಿದೆ, ಸ್ನಾನದ ನೀರು ಕಾಯಿಸಲು. ಸಂಜೆ ಹಂಡೆ ಇಳಿಸಿದ ಮೇಲೆ ಅದರ ಅಡಿಯಲ್ಲಿ ಗೆರಟೆಯ ಕೆಂಡ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಬಂಗುಡೆ ತಾಜಾ ಸಿಕ್ಕ ದಿನ ಯಾರಾದರೂ ಒಂದೆರಡನ್ನು ಸಾರಿನ ಪಾತ್ರೆಯಿಂದ ಎತ್ತಿಟ್ಟು, ಉಪ್ಪು ತಿಕ್ಕಿ, ಅಲ್ಲಿಗೆ ಒಯ್ಯುತ್ತಾರೆ.